ಭಾವ ಹಾಕಿದ ಸೌರಮಂಡಲ

ಸೌರಮಂಡಲ ಹುಟ್ಟಿ ಸುಮಾರು ನಾನೂರ ಅರವತ್ತು ಕೋಟಿ ವರ್ಷವಾಯಿತಂತೆ. ಅಷ್ಟೂ ಕಾಲ ಅದು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ತಿರುಗಿಕೊಂಡಿತ್ತು. ನಮ್ಮ ಭಾವ ಅದಕ್ಕೆ ಕೈಹಾಕಿದ್ದು ಒಂದೇ ಒಂದು ಮಧ್ಯಾಹ್ನ. ಆ ಮಧ್ಯಾಹ್ನ ನನ್ನ ಸೊಂಟ ಉಳುಕಿತು, ಅಗ್ನಿಶಾಮಕ ಠಾಣೆಯ ಅಧಿಕಾರಿಯ ತಲೆ ಕೆಟ್ಟಿತು, ನನ್ನ ಅಕ್ಕನ ಮಗಳ ಮದುವೆ ಇನ್ನೇನು ಮುರಿದುಬಿತ್ತು ಎನ್ನುವಂತಾಯಿತು. ಈ ಕಥೆಯನ್ನು ಯಾರಾದರೂ ಸರಿಯಾಗಿ ಹೇಳಬೇಕು. ಭಾವ ಹೇಳಿದರೆ ತಪ್ಪೆಲ್ಲ ಗುರುಗ್ರಹದ್ದು ಅಂತಾಗುತ್ತದೆ.

ಭಾವನದು ಶಾಮಿಯಾನ, ಮೇಜು, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಅಲ್ಲಿ ನಾನು ಕಂಬ ನೆಡುವವನು, ಹಗ್ಗ ಬಿಗಿಯುವವನು, ಬೈಸಿಕೊಳ್ಳುವವನು. ಭಾವನಿಗೆ ಒಬ್ಬಳೇ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ದಿನ ಕೆಮ್ಮಿನ ಔಷಧಿಗೆಂದು ಬಂದ ಹುಡುಗನೊಬ್ಬ ಕೆಮ್ಮು ವಾಸಿಯಾದ ಮೇಲೂ ಬರುತ್ತಲೇ ಇದ್ದ. ಅವನು ಊರಿನ ತಾರಾಲಯದಲ್ಲಿ ಕತ್ತಲಲ್ಲಿ ನಿಂತು, ಜನರಿಗೆ ಗ್ರಹ ನಕ್ಷತ್ರ ತೋರಿಸಿ ವಿವರಿಸುವವನು. ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ಆದರೆ ಹುಡುಗ ಮೊದಲೇ ಒಂದು ಮಾತು ಹೇಳಿದ್ದ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ಅವನನ್ನು ಸಾಕಿದ್ದು ದೊಡ್ಡಮ್ಮ. ಅವರು ಹೂಂ ಅಂದರೆ ಮದುವೆ, ಇಲ್ಲದಿದ್ದರೆ ಇಲ್ಲ.

ದೊಡ್ಡಮ್ಮ ಎಂದರೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಡಾಕ್ಟರುಗಳೇ ಅವರನ್ನು ಕಂಡರೆ ಕೈ ತೊಳೆದುಕೊಂಡು ಬರುತ್ತಿದ್ದರಂತೆ. ಅವರು ಹುಡುಗನ ಜೊತೆ ಮೊದಲ ಸಲ ನಮ್ಮ ಮನೆಗೆ ಬಂದಾಗ, ಬಾಡಿಗೆ ಕುರ್ಚಿಯೊಂದರ ಮೇಲೆ ನೆಟ್ಟಗೆ ಕೂತು, ಅದರ ತೋಳಿನ ಮೇಲೆ ಬೆರಳೆಳೆದು, ಬೆರಳಿಗಂಟಿದ ಧೂಳನ್ನು ನೋಡಿದರು. ಅಕ್ಕನ ಮುಖ ಸಪ್ಪಗಾಯಿತು. ಹುಡುಗ ಮಾತು ಬದಲಿಸಲು, "ಧೂಳು ಅಂದ್ರೆ ಸಾಮಾನ್ಯ ಅಲ್ಲ ದೊಡ್ಡಮ್ಮ, ಭೂಮಿ ಆಗಿದ್ದೂ ಧೂಳಿಂದಾನೇ," ಎಂದ. ಅಲ್ಲಿಂದ ಶುರುವಾಯಿತು ನೋಡಿ.

"ನಮಗೂ ಆಕಾಶದ ವಿಷಯ ಸ್ವಲ್ಪ ಗೊತ್ತಪ್ಪ," ಎಂದರು ಭಾವ. "ಶಾಮಿಯಾನ ಅಂದ್ರೇನು? ಮನುಷ್ಯ ಹಾಕ್ಕೊಂಡ ಆಕಾಶ."

ಹುಡುಗ ಪಾಪ, ನಿಜವೆಂದೇ ನಂಬಿದ. ತನ್ನ ಜೊತೆ ಸಮಸಮಕ್ಕೆ ಮಾತಾಡುವ ಮಾವ ಸಿಕ್ಕರೆಂದು ಅವನ ಕಣ್ಣು ಅರಳಿತು, ವಿವರಿಸತೊಡಗಿದ. ಮೊದಲು ಧೂಳು ಮತ್ತು ಅನಿಲದ ದೊಡ್ಡ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ, ಗಿರಗಿರ ತಿರುಗುತ್ತಾ ಚಪ್ಪಟೆಯಾಯಿತು. ನಡುವೆ ಬಹುಪಾಲೆಲ್ಲ ಸೇರಿ ಸೂರ್ಯನಾಯಿತು. ಅಂಚಿನಲ್ಲಿ ಉಳಿದ ಧೂಳು ಒಂದಕ್ಕೊಂದು ಅಂಟಿ ಕಲ್ಲಾಗಿ, ಕಲ್ಲುಗಳು ಡಿಕ್ಕಿ ಹೊಡೆದು ಗುಡ್ಡವಾಗಿ, ಗುಡ್ಡಗಳು ಸೇರಿ ಗ್ರಹವಾದವು. ಸೂರ್ಯನ ಹತ್ತಿರ ಸುಡುವ ಶಾಖ, ಆದ್ದರಿಂದ ಅಲ್ಲಿ ಕಲ್ಲು ಕಬ್ಬಿಣ ಮಾತ್ರ ಉಳಿದವು. ದೂರದ ಚಳಿಯಲ್ಲಿ ಮಂಜುಗಡ್ಡೆಯೂ ಅನಿಲವೂ ಸೇರಿ ದೈತ್ಯ ಗ್ರಹಗಳಾದವು. ಇಷ್ಟನ್ನು ಅವನು ಹೇಳಿ ಮುಗಿಸುವವರೆಗೆ ಭಾವ "ಹೌದೌದು", "ಅದೇ ಮತ್ತೆ", "ನಾನೂ ಅದನ್ನೇ ಅಂದ್ಕೊಂಡೆ" ಎನ್ನುತ್ತಿದ್ದರು.

"ಇಷ್ಟೆಲ್ಲ ಆಗಿ ನಾನೂರ ಅರವತ್ತು ಕೋಟಿ ವರ್ಷ," ಎಂದ ಹುಡುಗ.

"ಅಷ್ಟು ವರ್ಷದಿಂದ ಯಾರೂ ಗುಡಿಸಿಲ್ಲ ಅಂತಾಯ್ತು," ಎಂದರು ದೊಡ್ಡಮ್ಮ, ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಾ. "ಇಲ್ಲಿ ಯಾಕಿಷ್ಟು ಬಿಸಿ? ನಂಗೆ ಸೆಕೆ ತಡೆಯಲ್ಲ."

ಹೊರಡುವಾಗ ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನಿಮ್ಮ ಕಡೆಯೋರನ್ನೆಲ್ಲ ಒಂದ್ಸಲ ಒಟ್ಟಿಗೆ ನೋಡ್ಬೇಕು ಶಾಮಿಯಾನದವರೇ. ಆಮೇಲೆ ಹೇಳ್ತೀನಿ," ಎಂದರು. ಹಾಗಾಗಿ ಎರಡೂ ಕಡೆಯವರಿಗೆ ಊರಿನ ಸಮುದಾಯ ಭವನದಲ್ಲಿ ಒಂದು ಊಟ ಎಂದು ನಿಶ್ಚಯವಾಯಿತು. ನಮ್ಮ ಹುಡುಗಿ ಅಂದಿನಿಂದ ಉಗುರು ಕಚ್ಚತೊಡಗಿದಳು. ಅವಳಿಗೆ ಭಯವಾಗಿತ್ತು. ನಮ್ಮ ಕಡೆಯವರನ್ನು ಒಟ್ಟಿಗೆ ನೋಡಿದವರಾರೂ ಎರಡನೇ ಸಲ ನೋಡಲು ಬಂದ ಚರಿತ್ರೆ ಇಲ್ಲ.

ಭಾವನಿಗೆ ಮಾತ್ರ ಭಯವೇ ಇಲ್ಲ. ಅವರು ಟಿಕೆಟ್ ಕೊಂಡು ತಾರಾಲಯದ ಪ್ರದರ್ಶನವನ್ನು ಮತ್ತೆ ಮತ್ತೆ ನೋಡಿ ಬಂದರು. ಕೊನೆಗೆ ನನ್ನನ್ನು ಗೋದಾಮಿಗೆ ಕರೆದು, ಬಾಗಿಲು ಹಾಕಿ, "ಊಟಕ್ಕೆ ಮೇಜನ್ನ ಸೌರಮಂಡಲದ ಥರ ಹಾಕ್ತೀವಿ," ಎಂದರು. "ಸೂರ್ಯನ ಜಾಗದಲ್ಲಿ ಹುಡುಗ ಹುಡುಗಿ. ಆಮೇಲೆ ಬುಧ, ಶುಕ್ರ, ಭೂಮಿ, ಹೀಗೆ ವರಸೆಯಾಗಿ. ಹುಡುಗ ಬೆರಗಾಗ್ಬೇಕು. ಅವನಿಗೆ ಮೊದಲೇ ಹೇಳ್ಬೇಡ."

"ಸುಮ್ನೆ ಬಣ್ಣದ ಬಟ್ಟೆ ಹಾಸಿದ್ರೆ ಸಾಕಲ್ಲ ಭಾವ," ಎಂದೆ.

"ಬಟ್ಟೆ ಯಾರು ಬೇಕಾದ್ರೂ ಹಾಸ್ತಾರೆ. ನಾವು ಈ ಕಸುಬಿನವರು. ಅಳತೆ ಸರಿ ಇರ್ಬೇಕು."

ಇದೇ ನೋಡಿ ನಮ್ಮ ಕಸುಬಿನ ಶಾಪ. ಶಾಮಿಯಾನದವನಿಗೆ ಎಲ್ಲ ಬಿಟ್ಟರೂ ಹಗ್ಗದ ಅಳತೆ ಬಿಡದು. ನಾವು ಅಳೆಯುವುದು ಮಾರಿನಲ್ಲಿ, ಅಂದರೆ ಎರಡು ಕೈ ಚಾಚಿದಷ್ಟು ಉದ್ದ. ಸೂರ್ಯನಿಂದ ಭೂಮಿಗೆ ಒಂದು ಮಾರು ಎಂದಿಟ್ಟುಕೊಂಡರೆ, ಗುರು ಐದು ಮಾರು, ನೆಪ್ಚೂನ್ ಮೂವತ್ತು ಮಾರು. ಸಮುದಾಯ ಭವನದ ಬಾಗಿಲು ದಾಟಿದರೂ ಅಂಗಳದಲ್ಲೇ ಮುಗಿಯುತ್ತದೆ. ಅಲ್ಲಿಗೆ ಎಲ್ಲ ಸುಸೂತ್ರ ಎಂದುಕೊಂಡು ಊಟದ ದಿನ ಬೆಳಗ್ಗೆ ಮೇಜು ಹಾಕತೊಡಗಿದೆವು. ಹಾಕಿ ನೋಡಿದರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಒಂದರ ಮೇಲೊಂದು ಹತ್ತಿ ಕೂತಿವೆ. ಒಳಗಿನ ಗ್ರಹಗಳೆಲ್ಲ ಸೂರ್ಯನ ಮಗ್ಗುಲಲ್ಲೇ ಇಕ್ಕಟ್ಟಾಗಿವೆ, ಹೊರಗಿನವು ಎಲ್ಲೋ ಇವೆ. ಶುಕ್ರದ ಕುರ್ಚಿಯಲ್ಲಿ ಕೂತವರು ಭೂಮಿಯವರ ತಟ್ಟೆಯಲ್ಲೇ ಉಣ್ಣಬೇಕಾಗಿತ್ತು.

"ಈಗೇನ್ರೀ ಮಾಡ್ತೀರಿ?" ಎಂದಳು ಅಕ್ಕ.

"ಒಂದು ಮಾರಿನ ಬದಲು ಎರಡು ಮಾರು," ಎಂದರು ಭಾವ.

ಒಳಗಿನ ನಾಲ್ಕು ಮೇಜಿಗೆ ಉಸಿರಾಡಲು ಜಾಗವಾಯಿತು. ಗುರು ಭವನದ ಬಾಗಿಲ ಪಕ್ಕಕ್ಕೆ ಬಂತು. ಶನಿ ಅಂಗಳಕ್ಕೆ ಹೋಯಿತು. ನಾನು ಹಗ್ಗದ ತುದಿ ಹಿಡಿದು ನಡೆಯುತ್ತಲೇ ಇದ್ದೆ. ಯುರೇನಸ್ ಗೇಟಿನಾಚೆ ಪಾದಚಾರಿ ಮಾರ್ಗದ ಮೇಲೆ. ಮತ್ತೂ ನಡೆದೆ. ರಸ್ತೆ ದಾಟಿದೆ. ಹಗ್ಗ ಮುಗಿದಾಗ ನಾನು ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ, ದೊಡ್ಡ ಮರವೊಂದರ ಕೆಳಗೆ ನಿಂತಿದ್ದೆ. ಅಲ್ಲಿನ ಅಧಿಕಾರಿ ಹಲ್ಲುಜ್ಜುತ್ತಾ ನನ್ನನ್ನು ನೋಡುತ್ತಿದ್ದರು. ಹಿಂದೆಯೇ ಭಾವ ಬಂದರು.

"ಸರ್, ಇದು ನೆಪ್ಚೂನ್," ಎಂದರು.

"ಇದು ಸರ್ಕಾರಿ ಜಾಗ," ಎಂದರು ಅಧಿಕಾರಿ, ಬಾಯಿಂದ ಬ್ರಷ್ ತೆಗೆದು.

"ಒಂದೇ ಒಂದು ಮೇಜು ಸರ್. ಊಟ ಆದ್ಮೇಲೆ ಎತ್ಕೊಂಡು ಹೋಗ್ತೀವಿ."

"ನೋಡ್ರೀ, ಬೆಂಕಿ ಬಿತ್ತು ಅಂದ್ರೆ ನಮ್ಮ ವಾಹನ ಹೊರಗೆ ಹೋಗ್ಬೇಕು. ಅಲ್ಲಿ ನೀವು ಕೂತು ಊಟ ಮಾಡ್ತಾ ಇದ್ರೆ ನಾನು ಮೇಲಿನವರಿಗೆ ಏನಂತ ಬರೀಲಿ? ನೆಪ್ಚೂನ್ ಅಡ್ಡ ಬಂತು ಅಂತ ಬರೀಲಾ?"

ಭಾವ ಅವರಿಗೆ ಧೂಳಿನಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದರು. ಬ್ರಷ್ಷಿನ ನೊರೆ ಒಣಗುವವರೆಗೂ ವಿವರಿಸಿದರು. ಅಧಿಕಾರಿ ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು. "ನಮ್ಮ ಠಾಣೆ ಆದ್ಮೇಲೆ ಬೇರೆ ಗ್ರಹ ಯಾವುದಿದೆ?"

"ಯಾವುದೂ ಇಲ್ಲ ಸರ್. ಗ್ರಹಗಳಲ್ಲಿ ನೀವೇ ಕೊನೆ. ಆಚೆಗೆಲ್ಲ ಬರೀ ಮಂಜುಗಡ್ಡೆಯ ಚೂರು."

ಅಧಿಕಾರಿ ತಮ್ಮ ಠಾಣೆಯನ್ನು ಒಮ್ಮೆ ಹೊಸ ಕಣ್ಣಿನಿಂದ ನೋಡಿದರು. "ಮರದ ಕೆಳಗೆ ಹಾಕ್ಕೊಳ್ಳಿ. ದಾರಿ ಬಿಡಿ," ಎಂದರು.

ಇನ್ನು ಯಾರು ಯಾವ ಗ್ರಹಕ್ಕೆ ಎಂಬ ಪ್ರಶ್ನೆ. ಇದರಲ್ಲಿ ಭಾವ ತಮ್ಮ ಬುದ್ಧಿಯನ್ನೆಲ್ಲ ಸುರಿದಿದ್ದರು. ಶುಕ್ರ ಎಲ್ಲಕ್ಕಿಂತ ಬಿಸಿಯಾದ ಗ್ರಹವಂತೆ, ಅಲ್ಲಿಗೆ ಇಸ್ತ್ರಿ ಅಂಗಡಿಯ ಗಂಡ ಹೆಂಡತಿ, ಏಕೆಂದರೆ ಅವರಿಗೆ ಅಭ್ಯಾಸವಿದೆ. ಭೂಮಿಗೆ ನಮ್ಮ ಅಂಗಡಿಯಿರುವ ಕಟ್ಟಡದ ಮಾಲೀಕರು, ಏಕೆಂದರೆ ನೆಲ ಅವರದು. ಯುರೇನಸ್ ಅಡ್ಡ ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತದೆಂದು ತಿಳಿದಿದ್ದರಿಂದ ಅಲ್ಲಿಗೆ ಒಂದು ಆರಾಮಕುರ್ಚಿ, ಅದರಲ್ಲಿ ಕೂತಲ್ಲೇ ನಿದ್ದೆ ಹೋಗುವ ಗಡಿಯಾರ ರಿಪೇರಿಯ ಅಜ್ಜ. ಎಲ್ಲಕ್ಕಿಂತ ದೊಡ್ಡದಾದ ಗುರುವಿಗೆ ಭಾವನ ತಂಗಿ. ಶನಿಗೆ ಯಾರು ಎಂದಾಗ ಎಲ್ಲರೂ ನನ್ನನ್ನು ನೋಡಿದರು, ಯಾರೂ ತಕರಾರು ಮಾಡಲಿಲ್ಲ. ಶನಿಗೆ ಬಳೆ ಬೇಕಲ್ಲ, ಅದಕ್ಕೆಂದು ಗೋದಾಮಿನಲ್ಲಿದ್ದ ಸ್ವಾಗತ ಕಮಾನಿನ ಬೆತ್ತದ ದೊಡ್ಡ ಬಳೆಯೊಂದನ್ನು ತಂದು ಗೂಟಗಳ ಮೇಲೆ ನನ್ನ ಮೇಜಿನ ಸುತ್ತ ಎದೆಮಟ್ಟಕ್ಕೆ ಕಟ್ಟಿದರು. ಒಳಗೆ ಹೋಗಲು ನಾನು ನುಸುಳಬೇಕು. ಹೊರಗೆ ಬರಲೂ ನುಸುಳಬೇಕು.

"ದೊಡ್ಡಮ್ಮನ ಜಾಗ ಯಾವುದು?" ಎಂದೆ.

ಭಾವನ ಮುಖದಲ್ಲಿ ಅಪ್ಪಟ ಭಕ್ತಿ ಕಾಣಿಸಿತು. "ಅವರಿಗೆ ಸೆಕೆ ತಡೆಯಲ್ಲ ಅಂದ್ರಲ್ಲ. ಎಲ್ಲಕ್ಕಿಂತ ತಣ್ಣಗಿರೋ ಗ್ರಹ ಅವರಿಗೆ."

ನಾನು ಆಗಲೇ ಬಾಯಿ ಬಿಡಬೇಕಿತ್ತು. ಆದರೆ ನನ್ನ ಬಾಯಲ್ಲಿ ಆಗ ಗೂಟ ಕಟ್ಟುವ ಸೆಣಬಿನ ಹುರಿ ಇತ್ತು. ಅಕ್ಕ ಅಡುಗೆಯವರ ಹಿಂದೆ ಓಡಾಡುತ್ತಿದ್ದಳು. ಹುಡುಗಿ ಸೀರೆ ಉಡುತ್ತಿದ್ದಳು. ಹೀಗೆ ತಡೆಯಬಹುದಾದವರೆಲ್ಲ ಬೇರೆ ಬೇರೆ ಕೆಲಸದಲ್ಲಿದ್ದ ಆ ಗಳಿಗೆಯಲ್ಲಿ, ದೊಡ್ಡಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಗೇಟಿನ ಬಳಿ ಆಟೋ ಇಳಿದರು.

ಹುಡುಗ ಮೊದಲೇ ಬಂದು ಒಳಗೆ ಸೂರ್ಯನ ಹಳದಿ ಮೇಜಿನ ಮುಂದೆ ಕೂತಿದ್ದ. ಭಾವ ಓಡಿಹೋಗಿ ದೊಡ್ಡಮ್ಮನಿಗೆ ಕೈಮುಗಿದು, "ಬನ್ನಿ ಬನ್ನಿ, ನಿಮ್ಮ ಜಾಗ ಈ ಕಡೆ," ಎಂದು ಅವರನ್ನು ಭವನಕ್ಕೆ ಬೆನ್ನು ಮಾಡಿಸಿ ರಸ್ತೆ ದಾಟಿಸತೊಡಗಿದರು.

"ಊಟ ಒಳಗಲ್ವಾ?" ಎಂದರು ದೊಡ್ಡಮ್ಮ.

"ಒಳಗೇ. ಆದ್ರೆ ತಾವು ನೆಪ್ಚೂನ್."

ದೊಡ್ಡಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆ ದಾಟಿದರು. ಮರದ ಕೆಳಗೆ ಒಂದೇ ಮೇಜು, ಒಂದೇ ಕುರ್ಚಿ, ನೀಲಿ ಬಟ್ಟೆ. ಹಿಂದೆ ಅಗ್ನಿಶಾಮಕ ಸಿಬ್ಬಂದಿ ಪೈಪು ಸುತ್ತುತ್ತಿದ್ದರು. ಭಾವ ಕುರ್ಚಿ ಎಳೆದು ಕೂರಿಸಿ, "ತಣ್ಣಗಿದೆ ಅಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಿಂದಿರುಗಿದರು. ಶನಿಯಿಂದ ನಾನು ದೊಡ್ಡಮ್ಮನ ಮುಖ ನೋಡಿದೆ. ಇಷ್ಟು ದೂರದಿಂದಲೂ ಅದು ಚೆನ್ನಾಗಿ ಕಾಣುತ್ತಿತ್ತು.

"ದೊಡ್ಡಮ್ಮ ಬಂದ್ರಾ ಮಾವ?" ಎಂದ ಹುಡುಗ.

"ಬಂದಾಯ್ತು, ಕೂರಿಸಾಯ್ತು," ಎಂದರು ಭಾವ.

ಹುಡುಗ ಆಗ ಮೇಜುಗಳನ್ನು ಗಮನಿಸಿದ. ಬುಧ, ಶುಕ್ರ, ಭೂಮಿ, ಮಂಗಳ ಎಂದು ಬೆರಳು ಮಾಡಿ ಎಣಿಸಿದ. ಅವನ ಮುಖ ಅರಳುತ್ತಾ ಹೋಯಿತು. "ಮಾವ, ಅಳತೆ ಸರಿಯಾಗಿದೆ," ಎಂದ. ಭಾವನಿಗೆ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಅವರ ಅಳತೆಯನ್ನು ಯಾರೂ ಹೊಗಳಿರಲಿಲ್ಲ. ಕಂಬ ವಾಲಿದೆ ಎಂದವರೇ ಎಲ್ಲ.

ಊಟ ಬಡಿಸಲು ಶುರುವಾಯಿತು. ಬಡಿಸುವವರು ಸೂರ್ಯನ ಕಡೆಯಿಂದ ಹೊರಟು ನೆಪ್ಚೂನಿನವರೆಗೆ ಹೋಗಬೇಕು. ಆದರೆ ದಾರಿಯಲ್ಲಿ, ಬಾಗಿಲ ಪಕ್ಕದಲ್ಲಿ, ಗುರುಗ್ರಹ ಕೂತಿತ್ತು. ಭಾವನ ತಂಗಿ ತುಂಬಾ ಪ್ರೀತಿಯವರು, ಆದರೆ ಎದುರಿಗೆ ಹೋದ ತಟ್ಟೆಯನ್ನು ಬಿಟ್ಟವರಲ್ಲ. "ಅದೇನಪ್ಪಾ, ಇಲ್ಲಿ ಕೊಡು," ಎಂದು ಒಂದು ತಟ್ಟೆ. "ಇದರಲ್ಲಿ ಬೇರೆ ಏನಾದ್ರೂ ಇದ್ಯಾ?" ಎಂದು ಇನ್ನೊಂದು. ಹೊರಗೆ ಹೊರಟ ಟ್ರೇಗಳೆಲ್ಲ ಗುರುವಿನ ಹತ್ತಿರ ಬರುತ್ತಲೇ ಬಾಗಿ ತಿರುಗಿ ಆ ಮೇಜಿಗೇ ಬೀಳುತ್ತಿದ್ದವು. ನನಗೆ ಬಂದದ್ದು ಒಂದು ಲೋಟ ನೀರು. ಅದೂ ಬಳೆಗೆ ತಗುಲಿ ಚೆಲ್ಲಿತು. ಯುರೇನಸ್ಸಿನ ಅಜ್ಜ ಆಗಲೇ ಮಲಗಿದ್ದರಿಂದ ಅವರಿಗೆ ಏನೂ ತಿಳಿಯಲಿಲ್ಲ. ನೆಪ್ಚೂನಿಗೆ ಏನೂ ಹೋಗಲೇ ಇಲ್ಲ.

ಅಷ್ಟರಲ್ಲಿ ಭಾವನ ಮೂವರು ಅಣ್ಣಂದಿರು ಬಂದರು. ಇವರು ಮೂವರೂ ಒಬ್ಬರ ಜೊತೆ ಒಬ್ಬರು ಮಾತಾಡದೆ ವರ್ಷಗಳೇ ಆಗಿವೆ. ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಸ್ಟಾಪಿನಲ್ಲಿ ಇಳಿಯುವವರು. ಮಂಗಳಕ್ಕೂ ಗುರುವಿಗೂ ನಡುವೆ, ಅಲ್ಲೊಂದು ಇಲ್ಲೊಂದು ಎಂಬಂತೆ ಮೂರು ಬಿಡಿ ಕುರ್ಚಿಗಳು ಅವರಿಗಾಗಿ ಕಾದಿದ್ದವು. ಮೇಜಿರಲಿಲ್ಲ.

"ಮೇಜೆಲ್ಲಿ?" ಎಂದರು ಹಿರಿಯಣ್ಣ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು.

"ನಿಮಗೆ ಮೇಜಿಲ್ಲ ಅಣ್ಣ. ಇದು ಕ್ಷುದ್ರಗ್ರಹಗಳ ಪಟ್ಟಿ," ಎಂದರು ಭಾವ ವಿನಯದಿಂದ.

"ಏನಂದೆ?"

"ಕ್ಷುದ್ರಗ್ರಹ. ಎಲ್ಲ ಸೇರಿ ಒಂದು ಗ್ರಹ ಆಗ್ಬೇಕಿತ್ತು. ಸೇರಲೇ ಇಲ್ಲ, ಬಿಡಿ ಕಲ್ಲಾಗಿ ಉಳ್ಕೊಂಡ್ವು. ಅವುಗಳ ತಪ್ಪಲ್ಲ ಅಣ್ಣ, ಪಕ್ಕದಲ್ಲಿ ಗುರು ಇದ್ಯಲ್ಲ, ಅದು ಎಳೆದೆಳೆದು ಸೇರೋಕೆ ಬಿಡ್ಲಿಲ್ಲ."

"ಗುರು ಯಾರು?"

"ತಂಗಿ."

ಮೂವರೂ ಒಟ್ಟಿಗೆ ತಿರುಗಿ ತಂಗಿಯನ್ನು ನೋಡಿದರು. ಅವಳ ಮುಂದೆ ಊರಿನ ತಟ್ಟೆಗಳೆಲ್ಲ ಇದ್ದವು. "ಅದೇನೋ ನಿಜ," ಎಂದರು ನಡುವಿನವರು. "ಎಷ್ಟು ವರ್ಷದಿಂದ ಹೇಳ್ತಾ ಇದೀನಿ ನಾನು," ಎಂದರು ಕಿರಿಯಣ್ಣ. ಹಿರಿಯಣ್ಣ ಅವರಿಬ್ಬರನ್ನು ನೋಡಿ, "ನಮ್ಮನ್ನ ಕ್ಷುದ್ರ ಅಂತಾನಲ್ಲ ಇವನು," ಎಂದರು. ಇದು ವರ್ಷಗಳ ನಂತರ ಅವರು ತಮ್ಮಂದಿರಿಗೆ ಹೇಳಿದ ಮೊದಲ ಮಾತು. ಮೂವರೂ ಏಕಕಾಲಕ್ಕೆ ಎದ್ದರು, ಭುಜಕ್ಕೆ ಭುಜ ತಾಗಿಸಿಕೊಂಡು ಬಾಗಿಲ ಕಡೆ ನಡೆದರು.

"ನೋಡಿದ್ಯಾ," ಎಂದರು ಭಾವ ಅಕ್ಕನ ತೋಳು ಹಿಡಿದು. "ಸೇರ್ತಾ ಇದಾರೆ ಕಣೇ."

"ಎಲ್ಲಿಗೆ ಹೋಗ್ತಾ ಇದಾರೆ ಅಂತ ನೋಡಿ," ಎಂದಳು ಅಕ್ಕ.

"ಹುಡುಗನ ಕಡೆ ಹಿರಿಯರು ಎಲ್ಲಿದ್ದಾರೆ? ಈ ಮನೆತನದ ವಿಷಯ ಅವರಿಗೆ ಎಲ್ಲಾ ಹೇಳ್ಬೇಕು," ಎಂದು ಹಿರಿಯಣ್ಣ ಬಾಗಿಲಲ್ಲಿ ಕೂಗಿದರು. ಬಡಿಸುವವನೊಬ್ಬ ಕೈ ತೋರಿಸಿದ. ಹೊಸದಾಗಿ ಹುಟ್ಟಿದ ಗ್ರಹ ಅಂಗಳ ದಾಟಿ, ಅಜ್ಜನ ಆರಾಮಕುರ್ಚಿ ದಾಟಿ, ರಸ್ತೆಗೆ ಇಳಿಯಿತು.

ಅಕ್ಕ ನನ್ನತ್ತ ನೋಡಿ ಕೈ ಆಡಿಸಿದಳು. ಅವರನ್ನು ತಡೆಯಬೇಕೆಂದು ನಾನು ಎದ್ದೆ. ಬಳೆಯ ಕೆಳಗೆ ನುಸುಳಬೇಕೆಂಬುದು ಮರೆತೇಹೋಯಿತು. ಗೂಟಗಳು ಕಿತ್ತು ಬಂದವು, ಬಳೆ ನನ್ನ ಸೊಂಟಕ್ಕೆ ಸಿಕ್ಕಿಕೊಂಡಿತು, ಸೊಂಟ ಉಳುಕಿತು. ಅದನ್ನು ಹಾಗೇ ಹೊತ್ತುಕೊಂಡು ಓಡಿದೆ. ರಸ್ತೆಯಲ್ಲಿ ಎರಡು ಕಡೆಯ ವಾಹನಗಳೂ ನಿಂತವು. ಒಬ್ಬ ಸೈಕಲ್ಲಿನವನು ಇಳಿದು ದಾರಿ ಬಿಟ್ಟ.

ಒಳಗೆ ಆಗ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಹುಡುಗ ಇನ್ನೂ ಸಂತೋಷದಲ್ಲೇ ಇದ್ದನಂತೆ. "ಮಾವ, ಗುರು ಬಾಗಿಲಲ್ಲಿ, ಶನಿ ಅಂಗಳದಲ್ಲಿ, ಅದೆಲ್ಲ ಸರಿ. ನೆಪ್ಚೂನ್ ಎಲ್ಲಿ?" ಎಂದು ಕೇಳಿದ.

"ಅಗ್ನಿಶಾಮಕ ಠಾಣೇಲಿ."

"ಅಲ್ಲಿ ಯಾರಿದ್ದಾರೆ?"

"ನಿಮ್ಮ ದೊಡ್ಡಮ್ಮ."

ಹುಡುಗನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. "ಮಾವ, ಗ್ರಹಗಳು ಒಂದೇ ಸಾಲಲ್ಲಿ ನಿಂತಿರಲ್ಲ. ಸುತ್ತಲೂ ಎಲ್ಲಿ ಬೇಕಾದ್ರೂ ಇರ್ತವೆ. ಅಷ್ಟು ದೂರ ರಸ್ತೆ ದಾಟಿಸೋದು ಏನು ಬೇಕಿತ್ತು? ಭವನದ ಹಿಂದುಗಡೆ ಹಾಕಬಹುದಿತ್ತು."

"ಹಿಂದುಗಡೆ ಚರಂಡಿ," ಎಂದರು ಭಾವ. "ಠಾಣೇನೇ ಮರ್ಯಾದೆ ಅಲ್ವಾ?"

ಹುಡುಗ ಬೆಚ್ಚಿ ಕೂತಲ್ಲೇ ಕೂತಿದ್ದ. ಎದ್ದದ್ದು ನಮ್ಮ ಹುಡುಗಿ. ಅವಳು ಅಳಲಿಲ್ಲ, ಅಪ್ಪನಿಗೆ ಬೈಯಲಿಲ್ಲ. ಒಂದು ಕೈಯಲ್ಲಿ ತನ್ನ ಕುರ್ಚಿ ಎತ್ತಿಕೊಂಡಳು, ಇನ್ನೊಂದರಲ್ಲಿ ತುಂಬಿದ ತಟ್ಟೆ. ಗುರುಗ್ರಹದ ಪಕ್ಕ ಹಾದುಹೋಗುವಾಗ ಅತ್ತೆ ಅಭ್ಯಾಸಬಲದಿಂದ ತಟ್ಟೆಗೆ ಕೈ ಚಾಚಿದರು. "ಇದು ಬೇಡ ಅತ್ತೆ," ಎಂದು ಅವಳು ಆ ಕೈಯನ್ನು ಮೆಲ್ಲಗೆ ಸರಿಸಿ ಹೊರನಡೆದಳು. ಆ ಮೇಜನ್ನು ದಾಟಿಕೊಂಡು ಅಂದು ಹೊರಗೆ ಹೋದ ತಟ್ಟೆ ಅದೊಂದೇ.

ಇತ್ತ ನಾನು ಬಳೆ ಸಮೇತ ನೆಪ್ಚೂನ್ ಮುಟ್ಟುವ ಹೊತ್ತಿಗೆ ಅಣ್ಣಂದಿರು ಮೂವರೂ ಏಕಕಾಲಕ್ಕೆ ದೂರು ಹೇಳತೊಡಗಿದ್ದರು. ದೊಡ್ಡಮ್ಮ ಕೈ ಎತ್ತಿದರು.

"ಗದ್ದಲ ಮಾಡ್ಬೇಡಿ. ಸಾಲಾಗಿ ನಿಂತ್ಕೊಳ್ಳಿ. ಒಬ್ಬೊಬ್ಬರಾಗಿ ಹೇಳಿ."

ಆ ಧ್ವನಿಗೆ ಅಣ್ಣಂದಿರು ಸಾಲಾದರು. ಠಾಣೆಯ ಅಧಿಕಾರಿಯೂ ಏಕೋ ಸಾಲಿನ ಹಿಂದೆ ನಿಂತರು. ಹಿರಿಯಣ್ಣ, "ನಮಗೆ ಮೇಜೇ ಕೊಡ್ಲಿಲ್ಲ," ಎಂದು ಶುರುಮಾಡಿದಾಗ ದೊಡ್ಡಮ್ಮ ಅವರ ಕಣ್ಣು ನೋಡಿ, "ನಿಮಗೆ ಬಿಪಿ ಇದೆ. ಔಷಧಿ ತಗೋತಿಲ್ಲ. ಪಕ್ಕಕ್ಕೆ ಕೂತ್ಕೊಳ್ಳಿ," ಎಂದರು. ಕಿರಿಯಣ್ಣನಿಗೆ ನಾಲಿಗೆ ತೋರಿಸಲು ಹೇಳಿದರು. ನನ್ನ ಸರದಿ ಬಂದಾಗ ಬಳೆಯನ್ನೂ ನನ್ನನ್ನೂ ನೋಡಿ, "ಇದು ಯಾವಾಗಿನಿಂದ?" ಎಂದು ಕೇಳಿದರು.

ಇಷ್ಟಾದರೂ ಅವರ ಮುಖ ಬಿಗಿದೇ ಇತ್ತು. "ಮಗನ್ನ ಕರೀರಿ. ಆಟೋ ತರ್ಲಿ. ನಾನು ಹೊರಡ್ತೀನಿ," ಎಂದು ಎದ್ದು ನಿಂತರು.

ಅಷ್ಟರಲ್ಲಿ ನಮ್ಮ ಹುಡುಗಿ ರಸ್ತೆ ದಾಟಿ ಬಂದಳು. ಕುರ್ಚಿಯನ್ನು ದೊಡ್ಡಮ್ಮನ ಪಕ್ಕಕ್ಕೆ ಇಟ್ಟಳು, ಕೂತಳು. ತಟ್ಟೆಯನ್ನು ಇಬ್ಬರಿಗೂ ಎಟುಕುವಂತೆ ನಡುವೆ ಇಟ್ಟು ಉಣ್ಣತೊಡಗಿದಳು.

"ಅಲ್ಲಿ ನಿನ್ನ ಜಾಗ ಇತ್ತಲ್ಲ," ಎಂದರು ದೊಡ್ಡಮ್ಮ.

"ಅಲ್ಲಿ ಎಲ್ಲರೂ ನನ್ನೇ ನೋಡ್ತಾರೆ ದೊಡ್ಡಮ್ಮ, ಗಂಟಲಲ್ಲಿ ಇಳಿಯಲ್ಲ. ಬೆಳಗ್ಗಿಂದ ಹಸಿವು," ಎಂದಳು, ಬಾಯಲ್ಲಿ ತುತ್ತಿಟ್ಟುಕೊಂಡೇ. "ಬಿಸಿ ಆರೋಕ್ಕೆ ಮುಂಚೆ ನೀವೂ ಕೂತ್ಕೊಳ್ಳಿ."

ದೊಡ್ಡಮ್ಮ ನಿಂತೇ ಇದ್ದರು. ಆಮೇಲೆ ಕೂತರು. "ವಾರ್ಡಲ್ಲಿ ನನ್ನ ಕಂಡ್ರೆ ಎಲ್ಲ ಎದ್ದು ನಿಲ್ತಿದ್ರು," ಎಂದರು ಯಾರಿಗೂ ಅಲ್ಲದಂತೆ. "ಪಕ್ಕದಲ್ಲಿ ಕೂತು ಒಬ್ಬರೂ ಉಂಡವರಲ್ಲ." ತಟ್ಟೆಗೆ ಕೈ ಹಾಕಿದರು.

ಈ ಚೆಂದದ ಗಳಿಗೆಗೆ ಸರಿಯಾಗಿ ಭಾವ ಹಗ್ಗ ಹಿಡಿದುಕೊಂಡು ಓಡಿ ಬಂದರು. ಹಿಂದೆ ಹುಡುಗ, ಅಕ್ಕ, ಇಸ್ತ್ರಿಯವರು, ಮಾಲೀಕರು, ತಟ್ಟೆಗಳ ಸಮೇತ ತಂಗಿ. ಭವನದಲ್ಲಿ ಒಂದು ನೊಣವೂ ಉಳಿದಿರಲಿಲ್ಲ. ಭಾವ ಮಗಳ ಕುರ್ಚಿ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು.

"ಸೂರ್ಯ ಇಲ್ಲಿಗೆ ಬಂದ್ರೆ ಲೆಕ್ಕಾನೇ ತಪ್ಪೋಯ್ತಲ್ಲಮ್ಮಾ," ಎಂದರು. ಆಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂಡಿಸಿ ಕಳೆದರು. "ಪರವಾಗಿಲ್ಲ, ಸರಿಮಾಡೋಣ. ಈಗ ಇದು ಸೂರ್ಯ ಅಂತಾದ್ರೆ, ಇಲ್ಲಿಂದ ಅರವತ್ತು ಮಾರಿಗೆ ಭವನದ ಒಳಗಿನ ಹಳದಿ ಮೇಜೇ ನೆಪ್ಚೂನ್ ಆಗತ್ತೆ." ಹಗ್ಗದ ಒಂದು ತುದಿಯನ್ನು ಮಗಳ ಕುರ್ಚಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು, ದೊಡ್ಡಮ್ಮನ ಮುಂದೆ ಬಹಳ ಗೌರವದಿಂದ ಬಾಗಿದರು. "ದಯವಿಟ್ಟು ತಾವು ಒಳಗೆ ನಡೀಬೇಕು. ಫ್ಯಾನ್ ಹಾಕಿಸ್ತೀನಿ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿಯ ತುತ್ತು ಕೈಯಲ್ಲೇ ನಿಂತಿತು. ಅವಳ ಧೈರ್ಯವೆಲ್ಲ ಇಲ್ಲಿಯವರೆಗೆ ಬರುವಷ್ಟಕ್ಕೇ ಮುಗಿದಿತ್ತು.

ದೊಡ್ಡಮ್ಮ ಭಾವನನ್ನೇ ನೋಡಿದರು. ಹಗ್ಗವನ್ನು ನೋಡಿದರು. ನನ್ನ ಸೊಂಟದ ಬಳೆಯನ್ನು, ಸಾಲಾಗಿ ಕೂತ ಮೂವರು ಅಣ್ಣಂದಿರನ್ನು, ಅವರ ತಂಗಿಯ ತಟ್ಟೆಗಳನ್ನು, ಪೈಪು ಹಿಡಿದು ನಿಂತ ಸಿಬ್ಬಂದಿಯನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಮೊದಲು ನಾವೆಲ್ಲ ಅಳುತ್ತಿದ್ದಾರೆ ಎಂದುಕೊಂಡೆವು. ಅವರು ನಗುತ್ತಿದ್ದರು. ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಮೇಜು ಹಿಡಿದುಕೊಂಡು, ಬಿಳಿ ಸೀರೆಯೆಲ್ಲ ಮುದುಡುವಷ್ಟು ನಕ್ಕರು. ಹುಡುಗ ಬಾಯಿ ಬಿಟ್ಟು ನೋಡುತ್ತಿದ್ದ. ದೊಡ್ಡಮ್ಮ ಹೀಗೆ ನಗುವುದನ್ನು ಅವನೇ ಕಂಡಿರಲಿಲ್ಲವಂತೆ.

ಭಾವನಿಗೆ ಏನೂ ಅರ್ಥವಾಗಲಿಲ್ಲ. "ತಪ್ಪಾಯ್ತಾ? ಇನ್ನೊಂದ್ಸಲ ಅಳೀಲಾ?" ಎಂದು ಕೇಳಿದರು.

ದೊಡ್ಡಮ್ಮ ಕಣ್ಣೊರೆಸಿಕೊಂಡು, ಹುಡುಗಿಯ ತಡೆದು ನಿಂತ ಕೈಯನ್ನು ಹಿಡಿದು ತುತ್ತನ್ನು ಅವಳ ಬಾಯಿಗೆ ಮುಟ್ಟಿಸಿದರು.

"ಅಳೆದಿದ್ದು ಸಾಕು ಬೀಗರೇ," ಎಂದರು. "ತಾರೀಖು ಹೇಳಿ."

ಅಕ್ಕ ಸೆರಗು ತೆಗೆಯದೆ ಠಾಣೆಯ ಗೇಟಿಗೆ ಒರಗಿ ಜೋರಾಗಿ ಅತ್ತಳು.